ಕಿತ್ತಳೆ ರಸ ಕುಡಿಯುವ ಶೂರ

ಬ್ಯಾಟ್‌ಮ್ಯಾನ್ ಖಳನ ಜಾಡು ಹಿಡಿದು ರಾತ್ರಿ ಹೊತ್ತು ಒಂದು ಡಿಸ್ಕೊಥೆಕ್‌ಗೆ ಬರುತ್ತಾನೆ. ಜೊತೆಗಾರ ರಾಬಿನ್‌ಗೆ ಅಂಥಲ್ಲಿ ಕಾಲಿಡುವ ವಯಸ್ಸು ಇನ್ನೂ ಆಗಿಲ್ಲ. ಕಾನೂನು ಮೀರುವಂತಿಲ್ಲವಲ್ಲ, ಪಾಪ, ಅವನು ಹೊರಗೆ ಕಾರಿನಲ್ಲೇ ಕೂರಬೇಕು. ಒಳಗೆ ಮುಂದಿನ ಸಾಲಿನ ಮೇಜು ಕೊಡಲು ಬಂದರೆ ಬ್ಯಾಟ್‌ಮ್ಯಾನ್ ಬೇಡವೆನ್ನುತ್ತಾನೆ. ಜನರ ಕಣ್ಣಿಗೆ ಬೀಳುವುದು ಅವನಿಗಿಷ್ಟವಿಲ್ಲವಂತೆ! ಮೈಗಂಟಿದ ಬೂದು ಉಡುಪು, ಅದರ ಮೇಲೊಂದು ನೀಲಿ ಚಡ್ಡಿ, ಬೆನ್ನಿಗೆ ಉದ್ದನೆಯ ಹೊದಿಕೆ, ಎರಡು ಕಿವಿ ನಿಮಿರಿದ ಮುಖವಾಡ. ಇಷ್ಟೆಲ್ಲ ತೊಟ್ಟವನು ಸದ್ದಿಲ್ಲದೆ ಬಾರ್ ಕಟ್ಟೆಯ ಬಳಿ ನಿಂತು ಕಿತ್ತಳೆ ರಸ ತರಿಸಿಕೊಳ್ಳುತ್ತಾನೆ.

ಆ ರಸಕ್ಕೆ ಮತ್ತಿನ ಮದ್ದು ಬೆರೆಸಿರುತ್ತಾರೆ. ಕುಡಿದವನು ಚೆಲುವೆಯೊಬ್ಬಳ ಜೊತೆ ಎರಡೆರಡು ಬೆರಳನ್ನು ಕಣ್ಣ ಮುಂದೆ ಹಾಯಿಸುತ್ತ, ತುಟಿಯಲ್ಲೊಂದು ನಗುವೂ ಇಲ್ಲದೆ ಕುಣಿಯುತ್ತಾನೆ. ಈ ಕುಣಿತಕ್ಕೆ 'ಬ್ಯಾಟೂಸಿ' ಎಂದು ಹೆಸರು. 1994ರ 'ಪಲ್ಪ್ ಫಿಕ್ಷನ್' ಚಿತ್ರದಲ್ಲಿ ಜಾನ್ ಟ್ರವೋಲ್ಟಾ ಇದೇ ಬೆರಳಾಟ ಆಡಿ ಮೆಚ್ಚುಗೆ ಗಿಟ್ಟಿಸಿದ. ಇತ್ತ ಹೊರಗೆ ಖಳ ರಾಬಿನ್‌ನನ್ನು ಹೊತ್ತೊಯ್ದಿರುತ್ತಾನೆ. ತೂರಾಡುತ್ತ ಬಂದ ಬ್ಯಾಟ್‌ಮ್ಯಾನ್‌ನ ಸ್ಥಿತಿ ನೋಡಿದ ಪೊಲೀಸರು, ಹೀಗೆ ಗಾಡಿ ಓಡಿಸುವಂತಿಲ್ಲವೆಂದು ಕಾರಿನ ಕೀಲಿ ಕಿತ್ತುಕೊಳ್ಳುತ್ತಾರೆ.

ಇದು 1966ರ ಜನವರಿ 12ರಂದು ಅಮೆರಿಕದ ಎಬಿಸಿ ವಾಹಿನಿ ಬಿತ್ತರಿಸಿದ 'ಬ್ಯಾಟ್‌ಮ್ಯಾನ್' ಸರಣಿಯ ಮೊದಲ ಕಂತು. ಚಿಕ್ಕಂದಿನಲ್ಲಿ ನೋಡಿದವರಿಗೆ ನೆನಪಿರುವುದು ಗುದ್ದಾಟ, ಕಾರು, ಪರದೆ ತುಂಬ ಚಿಮ್ಮುವ 'ಪೌ' 'ಬ್ಯಾಮ್'ಗಳು. ತಲೆ ನರೆತ ಮೇಲೆ ಅದೇ ಕಂತನ್ನು ನೋಡಿದರೆ ಗುದ್ದಾಟ ಬರುವ ಹೊತ್ತಿಗೆ ಎದ್ದು ಕಾಫಿ ಮಾಡಿಕೊಂಡು ಬರಬಹುದು. ಕಣ್ಣು ಕೀಳಲಾಗದಿರುವುದು ಬ್ಯಾಟ್‌ಮ್ಯಾನ್‌ನ ಸಭ್ಯತೆಯಿಂದ. ನಿರ್ಮಾಪಕ ವಿಲಿಯಂ ಡೋಜಿಯರ್ ಬಯಸಿದ್ದೂ ಇದನ್ನೇ: ಮಕ್ಕಳು ಉಸಿರು ಬಿಗಿಹಿಡಿದು ನೋಡಬೇಕು, ಪಕ್ಕದಲ್ಲಿ ಕೂತ ಅಪ್ಪ ಅಮ್ಮ ಹೊಟ್ಟೆ ಹಿಡಿದು ನಗಬೇಕು. ಮೊದಲ ಕಂತು ಬರೆದ ಲೊರೆಂಜೊ ಸೆಂಪಲ್‌ಗೆ ಈ ಗುಟ್ಟು ಗೊತ್ತಿತ್ತು. ನಟ ಆಡಂ ವೆಸ್ಟ್‌ಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ತಾನು ತಮಾಷೆ ಮಾಡುತ್ತಿದ್ದೇನೆಂಬ ಸುಳಿವನ್ನು ಆತ ಹುಬ್ಬಿನ ಕೊನೆಯಲ್ಲೂ ಬಿಟ್ಟುಕೊಡುವುದಿಲ್ಲ. ಕಾರಿನಲ್ಲಿ ಬೆಲ್ಟು ಕಟ್ಟಿಕೋ ಎಂದು ರಾಬಿನ್‌ಗೆ ಹೇಳುವಾಗಲೂ ಊರು ಉಳಿಸುವಾಗಿನ ಗಾಂಭೀರ್ಯವೇ.

ಇನ್ನು ಅವರ ಗುಟ್ಟಿನ ಗುಹೆ. ಶೇಕ್ಸ್‌ಪಿಯರ್ ಪ್ರತಿಮೆಯ ತಲೆಯನ್ನು ಹಿಂದಕ್ಕೆ ಬಗ್ಗಿಸಿ ಒಳಗಿನ ಗುಂಡಿ ತಿರುಗಿಸಿದರೆ ಪುಸ್ತಕದ ಕಪಾಟು ಸರಿಯುತ್ತದೆ, ಜಾರಿ ಇಳಿಯಲು ಎರಡು ಕಂಬ ಕಾಣುತ್ತವೆ. ಬ್ಯಾಟ್‌ಮ್ಯಾನ್ ಯಾರೆಂಬುದು ಇಡೀ ಊರಿಗೇ ತಿಳಿಯದ ರಹಸ್ಯ, ಆದರೆ ಆ ಕಂಬಗಳಿಗೆ 'ಬ್ರೂಸ್', 'ಡಿಕ್' ಎಂದು ಇಬ್ಬರ ನಿಜ ಹೆಸರಿನ ನಾಮಫಲಕ! ಕೆಳಗೆ ಗುಹೆಯಲ್ಲಿ ಯಂತ್ರ ಯಂತ್ರಕ್ಕೂ ಚೀಟಿ. ಅಲ್ಲಿಗೆ ಕಾಲಿಡುವವರು ಇವರಿಬ್ಬರು, ಹೆಚ್ಚೆಂದರೆ ಮನೆಯಾಳು ಆಲ್ಫ್ರೆಡ್. ಯಾರು ಓದಲೆಂದು ಇಷ್ಟೊಂದು ಬರೆದಿಟ್ಟರೋ. ಬರೆದವರ ಅಕ್ಷರ ಮಾತ್ರ ದುಂಡಗಿದೆ.

ಗುಹೆಯ ಬಾಯಿ ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯಲ್ಲಿದೆ. ಅಲ್ಲಿಂದ ಕಾರು ನುಗ್ಗಿ ಬರುವ ತುಣುಕನ್ನು ಒಮ್ಮೆ ತೆಗೆದಿಟ್ಟುಕೊಂಡು ಕಂತಿನಿಂದ ಕಂತಿಗೆ ಅದನ್ನೇ ಓಡಿಸಿದರು. ಹಾಗಾಗಿ ದಾರಿಬದಿಯ ಫಲಕದಲ್ಲಿ ಬ್ಯಾಟ್‌ಮ್ಯಾನ್‌ನ ಊರು ಗಾಥಮ್ ಯಾವಾಗಲೂ 14 ಮೈಲಿ ದೂರ. ಆ ಕಾರೂ ಹೊಸದಲ್ಲ. ಲಿಂಕನ್ ಕಂಪನಿ 1955ರಲ್ಲಿ ಪ್ರದರ್ಶನಕ್ಕೆಂದು ಮಾಡಿಸಿದ್ದ 'ಫ್ಯೂಚುರಾ' ಅದು. ಕಾರು ವಿನ್ಯಾಸಕ ಜಾರ್ಜ್ ಬ್ಯಾರಿಸ್ ಅದನ್ನು ಒಂದೇ ಡಾಲರಿಗೆ ಕೊಂಡು ಬ್ಯಾಟ್‌ಮೊಬೈಲ್ ಮಾಡಿಬಿಟ್ಟ. 2013ರ ಹರಾಜಿನಲ್ಲಿ ಅದಕ್ಕೆ 42 ಲಕ್ಷ ಡಾಲರ್ ಕೂಗಿದರು. ಗೋಡೆ ಹತ್ತುವ ದೃಶ್ಯಕ್ಕಂತೂ ಖರ್ಚೇ ಇಲ್ಲ: ಕ್ಯಾಮೆರಾ ಅಡ್ಡ ಮಲಗಿಸಿದರೆ ಸಾಕು, ನೆಲದ ಮೇಲೆ ನಡೆಯುವವರು ಗೋಡೆ ಹತ್ತುತ್ತಾರೆ. ಖಳರ ಅಡ್ಡೆಯಲ್ಲಿ ಇನ್ನೊಂದು ಉಪಾಯ. ವಕ್ರಬುದ್ಧಿಯವರ ಮನೆ ವಕ್ರವಾಗಿಯೇ ಕಾಣಬೇಕೆಂದು ಅಲ್ಲಿ ಕ್ಯಾಮೆರಾ ವಾಲಿಸುತ್ತಿದ್ದರು. ಇಷ್ಟು ಸರಳ ನೀತಿಪಾಠ ಇನ್ನೆಲ್ಲಿ ಸಿಕ್ಕೀತು?

ಹಕ್ಕುಗಳ ಜಗ್ಗಾಟದಿಂದಾಗಿ ಈ ಸರಣಿ ಡಿವಿಡಿಯಾಗಿ ಮನೆ ಸೇರಲು 2014 ಆಯಿತು. ಚಿತ್ರವನ್ನು ತಿಕ್ಕಿ ತೊಳೆದು ಕೊಟ್ಟಿದ್ದರಿಂದ, ಹಿಂದೆ ಮಸುಕಾಗಿದ್ದದ್ದೆಲ್ಲ ಈಗ ನಿಚ್ಚಳ. ಜೋಕರ್ ಎಂಬ ಖಳನ ಪಾತ್ರದ ಸೀಸರ್ ರೊಮೆರೊ ಮೀಸೆ ಬೋಳಿಸಲು ಸುತರಾಂ ಒಪ್ಪದೆ ಅದರ ಮೇಲೆಯೇ ಬಿಳಿ ಬಣ್ಣ ಬಳಿಸಿಕೊಂಡಿದ್ದ. ಮರುನೋಟದಲ್ಲಿ ಜೋಕರ್ ಏನು ಸಂಚು ಹೂಡಿದ ಎಂಬುದು ಕಿವಿಗೆ ಬೀಳುವುದೇ ಇಲ್ಲ, ದೃಷ್ಟಿಯೆಲ್ಲ ಮೀಸೆಯಲ್ಲೇ ನೆಟ್ಟಿರುತ್ತದೆ.

ಮೊದಲ ಕಂತಿನ ಖಳ ಜೋಕರ್ ಅಲ್ಲ, ಒಗಟುಗಾರ ರಿಡ್ಲರ್. ಫ್ರಾಂಕ್ ಗಾರ್ಷಿನ್ ಆ ಪಾತ್ರದಲ್ಲಿ ಕೀಚಲು ನಗೆ ನಕ್ಕು, ನೆಗೆದು, ಹೊರಳಿ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನದವರೆಗೂ ಹೋದ. ಈ ರಿಡ್ಲರ್ ಬಂದೂಕಿಗಿಂತ ಮೊದಲು ಬಳಸುವುದು ನ್ಯಾಯಾಲಯವನ್ನು. ತನ್ನನ್ನು ಸುಳ್ಳು ಆರೋಪದ ಮೇಲೆ ಹಿಡಿದನೆಂದು ಬ್ಯಾಟ್‌ಮ್ಯಾನ್ ಮೇಲೆ ಹತ್ತು ಲಕ್ಷ ಡಾಲರ್ ದಾವೆ ಹೂಡುತ್ತಾನೆ. ಕಟಕಟೆ ಹತ್ತಿದರೆ ಮುಖವಾಡ ತೆಗೆದು ನಿಜವಾದ ಹೆಸರು ಹೇಳಲೇಬೇಕು. ಕಾನೂನು ಬಿಟ್ಟು ಒಂದು ಹೆಜ್ಜೆಯಿಡದವನನ್ನು ಕೆಡವಲು ಕಾನೂನೇ ಸಾಕೆಂಬ ಈ ಲೆಕ್ಕಾಚಾರಕ್ಕೆ ಶಹಭಾಸ್ ಎನ್ನಬೇಕು.

ಕಂತು ಮುಗಿಯುವುದು ಭಾರೀ ಭಯದಲ್ಲಿ. ಕಟ್ಟಿಹಾಕಿದ ರಾಬಿನ್‌ನ ತಲೆಯನ್ನು ರಿಡ್ಲರ್ ಕಬ್ಬಿಣದ ಇಕ್ಕಳಕ್ಕೆ ಸಿಕ್ಕಿಸುತ್ತಾನೆ. ಗಂಟಲು ಬಿಗಿದ ನಿರೂಪಕ (ಅದೂ ಡೋಜಿಯರ್‌ನದೇ ದನಿ) ಪ್ರಶ್ನೆಗಳ ಸುರಿಮಳೆಗರೆದು, ನಾಳೆ ಇದೇ ಹೊತ್ತಿಗೆ ಬನ್ನಿ ಎನ್ನುತ್ತಾನೆ. ಬುಧವಾರ ನೋಡಿದ ಮಕ್ಕಳಿಗೆ ಗುರುವಾರ ಸಂಜೆಯವರೆಗೆ ಊಟ ಸೇರಿರಲಾರದು. ಈಗಿನವರು ಮುಂದಿನ ಕಂತಿನ ಗುಂಡಿ ಒತ್ತಿದರೆ ಸಾಕು, ಗುಟ್ಟು ಬಯಲು: ರಾಬಿನ್‌ನ ಮುಖದ ಅಚ್ಚು ತೆಗೆದು ಮುಖವಾಡ ಮಾಡಬೇಕಿತ್ತು. ಕ್ಷೌರದಂಗಡಿಯಲ್ಲಿ ಹುಡುಗನ ನೆತ್ತಿ ಅದುಮಿ ಹಿಡಿಯುವಂತೆ, ತಲೆ ಅಲ್ಲಾಡದಿರಲಿ ಎಂದು ಹಾಗೆ ಹಿಡಿದಿದ್ದರಷ್ಟೆ.