ಹತ್ತೇ ನಿಮಿಷ ಸಾರ್

ಬೆಂಗಳೂರಿನಲ್ಲಿ ಯಾರನ್ನಾದರೂ ‘ನಿಮ್ಮ ಮನೆ ಎಲ್ಲಿ?’ ಎಂದು ಕೇಳಿ ನೋಡಿ. ಬಡಾವಣೆಯ ಹೆಸರಷ್ಟೇ ಹೇಳಿ ಸುಮ್ಮನಾಗುವವರು ಸಿಗುವುದಿಲ್ಲ. ‘ಬಸವನಗುಡಿ. ಆದರೆ ಔಟ್‌ಹೌಸು’ ಎನ್ನುತ್ತಾರೆ ಒಬ್ಬರು. ‘ಕೆಂಗೇರಿ. ಆದರೆ ಮೆಟ್ರೋ ಪಕ್ಕದಲ್ಲೇ’ ಎನ್ನುತ್ತಾರೆ ಇನ್ನೊಬ್ಬರು. ‘ಸರ್ಜಾಪುರ ರೋಡು. ಆದರೆ ಸ್ವಿಮ್ಮಿಂಗ್ ಪೂಲ್ ಇದೆ’ ಎನ್ನುವವರನ್ನು ಪೂಲಿನಲ್ಲಿ ನೀರಿದೆಯೇ ಎಂದು ಕೇಳಬಾರದು, ಅದು ಮರ್ಯಾದೆಯಲ್ಲ. ಬಾಡಿಗೆ ಕಮ್ಮಿ ಇದ್ದಲ್ಲಿ ದಾರಿ ಉದ್ದ, ದಾರಿ ಗಿಡ್ಡವಾದಲ್ಲಿ ಬಾಡಿಗೆ ಉದ್ದ, ಎರಡೂ ಹದವಾಗಿರುವಲ್ಲಿ ಮನೆ ಖಾಲಿಯೇ ಇರುವುದಿಲ್ಲ.

ನಾವು ಈ ಗೊಂದಲಕ್ಕೆ ಬಿದ್ದದ್ದು ಹಳೆಯ ಮನೆಯ ಮಾಲೀಕರ ಮಗ ಅಮೆರಿಕದಿಂದ ವಾಪಸು ಬರುತ್ತಾನೆಂದು ತಿಳಿದಾಗ. ಬಾಡಿಗೆ ಏರಿಸುವ ಕಾಲ ಬಂದಾಗಲೆಲ್ಲ ಬೆಂಗಳೂರಿನ ಮಾಲೀಕರ ಮಕ್ಕಳು ಅಮೆರಿಕದಿಂದ ವಾಪಸು ಬರುತ್ತಾರೆ. ಇರಲಿ. ನನ್ನ ಆಫೀಸು ವೈಟ್‌ಫೀಲ್ಡಿನಲ್ಲಿ, ನನ್ನ ಹೆಂಡತಿ ಪಾಠ ಮಾಡುವ ಶಾಲೆ ಜಯನಗರದಲ್ಲಿ. ದಾಂಪತ್ಯದಲ್ಲಿ ನ್ಯಾಯ ಮುಖ್ಯವೆಂದು ನಂಬಿದವನಾದ್ದರಿಂದ ನಕ್ಷೆಯ ಮೇಲೆ ಸ್ಕೇಲು ಇಟ್ಟು, ಎರಡೂ ಊರುಗಳ ನಡುವೆ ಗೆರೆ ಎಳೆದು, ಸರಿಯಾಗಿ ಮಧ್ಯಕ್ಕೆ ಒಂದು ಚುಕ್ಕಿ ಇಟ್ಟೆ. ಚುಕ್ಕಿ ಹೋಗಿ ಎಚ್‌ಎಎಲ್ ವಿಮಾನ ನಿಲ್ದಾಣದ ಮೇಲೆ ಕೂತಿತು. ಅಲ್ಲಿದ್ದ ಪ್ರಯಾಣಿಕರ ವಿಮಾನಗಳೇ 2008ರಲ್ಲಿ ಜಾಗ ಖಾಲಿ ಮಾಡಿ ದೇವನಹಳ್ಳಿಗೆ ಹೋಗಿವೆ. ಅವಕ್ಕೂ ಬಾಡಿಗೆ ಪೂರೈಸಲಿಲ್ಲವೇನೋ.

ಈ ವಿಷಯಕ್ಕೆ ಶಾಸ್ತ್ರವೂ ಉಂಟು. ವಿಲಿಯಂ ಅಲಾನ್ಸೊ ಎಂಬ ಪಂಡಿತರು 1964ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಬರೆದು, ಊರಿನ ನಡುವಿನಿಂದ ದೂರ ಹೋದಂತೆಲ್ಲ ನೆಲದ ಬೆಲೆ ಇಳಿಯುತ್ತದೆ, ಓಡಾಟದ ಖರ್ಚು ಏರುತ್ತದೆ, ಮನುಷ್ಯ ಇವೆರಡನ್ನೂ ತೂಗಿ ತನಗೆ ಒಪ್ಪುವ ಕಡೆ ಮನೆ ಮಾಡುತ್ತಾನೆ ಎಂದು ಗಣಿತದ ಸಮೇತ ತೋರಿಸಿಕೊಟ್ಟರು. ಅದಕ್ಕಾಗಿ ಅವರು ಊರೆಂದರೆ ಒಂದು ಚಪ್ಪಟೆ ಬಯಲು, ಅದಕ್ಕೆ ಒಂದೇ ಕೇಂದ್ರ, ಎಲ್ಲರ ಕೆಲಸವೂ ಅಲ್ಲೇ ಎಂದು ಇಟ್ಟುಕೊಂಡಿದ್ದರು. ಬೆಂಗಳೂರಿಗೆ ಎಲ್ಲಿಯ ಒಂದು ಕೇಂದ್ರ? ಬೆಳಿಗ್ಗೆ ಅರ್ಧ ಊರು ಪೂರ್ವಕ್ಕೆ ನುಗ್ಗುತ್ತದೆ, ಇನ್ನರ್ಧ ಎಲೆಕ್ಟ್ರಾನಿಕ್ ಸಿಟಿಗೆ ನುಗ್ಗುತ್ತದೆ, ಇಬ್ಬರೂ ಸಿಲ್ಕ್ ಬೋರ್ಡಿನಲ್ಲಿ ಭೇಟಿಯಾಗಿ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಾರೆ. ನನಗಂತೂ ಅಲಾನ್ಸೊ ಅವರ ಮೇಲೆ ಇರುವ ದೊಡ್ಡ ಆಕ್ಷೇಪಣೆ ಬೇರೆ: ಗಂಡನ ಆಫೀಸು ಒಂದು ದಿಕ್ಕಿಗೆ, ಹೆಂಡತಿಯ ಶಾಲೆ ಇನ್ನೊಂದು ದಿಕ್ಕಿಗೆ ಇರುವ ಮನೆಯನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

ಆದರೂ ನಾನು ಬಿಡದೆ ಹಾಳೆಯ ಮೇಲೆ ಕಾಲಂ ಹಾಕಿ ಲೆಕ್ಕ ಬರೆದೆ. ಬಾಡಿಗೆ, ಮೇಂಟೆನೆನ್ಸು, ನನ್ನ ಓಡಾಟದ ಖರ್ಚು, ಅವಳ ಓಡಾಟದ ಖರ್ಚು. ಅವಳ ಕಾಲಮ್ಮಿನಲ್ಲಿ ಸೊನ್ನೆ ಬಂತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಲ್ಲವೇ? ಲೆಕ್ಕದ ಪ್ರಕಾರ ಅವಳು ಎಷ್ಟು ದೂರದಿಂದ ಓಡಾಡಿದರೂ ಖರ್ಚಿಲ್ಲ, ಆದ್ದರಿಂದ ಮನೆ ನನ್ನ ಆಫೀಸಿನ ಪಕ್ಕಕ್ಕೇ ಇರುವುದು ವೈಜ್ಞಾನಿಕ ಎಂದು ವಿವರಿಸಿದೆ. ಅವಳು ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗದೆಯೇ ಹೇಳಿದಳು:

“ಟಿಕೆಟ್ಟು ಫ್ರೀ ರೀ. ನಿಂತ್ಕೊಳ್ಳೋದು ಫ್ರೀ ಅಲ್ಲ.”

ಆ ಹಾಳೆಯನ್ನು ಮಡಚಿ ಇಟ್ಟೆ.

ಮೊದಲು ಜಯನಗರದ ಕಡೆಯಿಂದ ಶುರು ಮಾಡಿದೆವು. ನಾವು ಮನೆ ನೋಡಲು ಹೋದೆವು ಎನ್ನುವುದು ನಮ್ಮ ಅಂದಾಜು, ನಡೆದದ್ದು ವಧುಪರೀಕ್ಷೆ. ಗೇಟಿಗೆ ತಂತಿಯಲ್ಲಿ ಕಟ್ಟಿದ ಟು-ಲೆಟ್ ಬೋರ್ಡು, ಒಳಗೆ ತೂಗುಮಂಚದ ಮೇಲೆ ಯಜಮಾನರು. ಕೈಯಲ್ಲಿ ಪೇಪರು, ಪೇಪರಿನ ಮೇಲ್ಗಡೆಯಿಂದ ಎರಡು ಕಣ್ಣು. “ಯಾವ ಕಡೆಯವರು?” ಮಂಡ್ಯದ ಕಡೆ ಎಂದೆ. “ಮಂಡ್ಯದಲ್ಲಿ ಯಾವ ಕಡೆ?” ಮದ್ದೂರು ಎಂದೆ. ಪ್ರಶ್ನೆ ಇನ್ನೂ ಒಳಕ್ಕೆ ಇಳಿಯುತ್ತಿತ್ತು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಎಲ್ಲರಿಗೂ ಗೊತ್ತು. ಆಮೇಲೆ ಊಟದ ವಿಚಾರ, ನೆಂಟರಿಷ್ಟರ ವಿಚಾರ, ಗೋಡೆಗೆ ಮೊಳೆ ಹೊಡೆಯುವ ವಿಚಾರ. ನನ್ನ ಹೆಂಡತಿ ಮೇಷ್ಟರ ಕೆಲಸದವಳೆಂದು ತಿಳಿದಾಗ ಅವರ ಮುಖ ಸ್ವಲ್ಪ ಅರಳಿತು. ನಾನು ಸಾಫ್ಟ್‌ವೇರಿನವನೆಂದು ತಿಳಿದಾಗ ಬಾಡಿಗೆ ಅರಳಿತು.

ಹೀಗೆ ಕೂತಿರುವಾಗಲೆಲ್ಲ ನನಗೆ ಚರ್ಚಿಲ್ ನೆನಪಾಗುತ್ತಾನೆ. ಹೌದು, ಅದೇ ವಿನ್‌ಸ್ಟನ್ ಚರ್ಚಿಲ್. 1896ರಲ್ಲಿ ಸೈನ್ಯದ ತರುಣ ಅಧಿಕಾರಿಯಾಗಿ ಈ ಊರಿನ ದಂಡಿಗೆ ಬಂದವನು ಇಬ್ಬರು ಜೊತೆಗಾರರೊಂದಿಗೆ ಒಂದು ಬಂಗಲೆ ಹಿಡಿದಿದ್ದ. ಈಗಿನ ಮಾತಿನಲ್ಲಿ ಶೇರಿಂಗ್. ಅವನು ಇವತ್ತು ಜಯನಗರದ ಈ ತೂಗುಮಂಚದ ಮುಂದೆ ನಿಂತಿದ್ದರೆ ಏನಾಗುತ್ತಿತ್ತು? ಬ್ಯಾಚುಲರ್. ಜೊತೆಗೆ ಇನ್ನಿಬ್ಬರು ಬ್ಯಾಚುಲರುಗಳು. ಮಾಂಸ, ಮದ್ಯ, ಚುಟ್ಟ. ಟೂ ವೀಲರ್ ಪಾರ್ಕಿಂಗ್ ಎಂದರೆ ಪೋಲೊ ಆಡುವ ಕುದುರೆಗಳು. ಸಾಲದ್ದಕ್ಕೆ ಬೆಂಗಳೂರು ಕ್ಲಬ್ಬಿನ ಲೆಡ್ಜರಿನಲ್ಲಿ ಅವನ ಹೆಸರಿನ ಮುಂದೆ 13 ರೂಪಾಯಿ ಬಾಕಿ ಈಗಲೂ ಇದೆ. ಹಿಟ್ಲರನ ಎದುರು ನಿಂತವನಾದರೂ ನಮ್ಮ ಯಜಮಾನರ ಎದುರು ನಿಲ್ಲುತ್ತಿರಲಿಲ್ಲ. ‘ಫ್ಯಾಮಿಲಿಗೆ ಮಾತ್ರ’ ಎಂದು ಗೇಟಿನಲ್ಲೇ ಕಳಿಸಿಬಿಡುತ್ತಿದ್ದರು.

ಚರ್ಚಿಲ್ ದಾಟದಿದ್ದ ಗೇಟನ್ನು ನಾವು ದಾಟಿದೆವು, ಅಡ್ವಾನ್ಸಿನಲ್ಲಿ ಮುಗ್ಗರಿಸಿದೆವು. ಬೆಂಗಳೂರಿನ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟ್ರಿ ಮಾಡಿಸಬೇಕಾಗುತ್ತದೆಂದು ನಾವೆಲ್ಲ ಒಂದು ತಿಂಗಳು ಮೊದಲೇ ಬ್ರೇಕು ಹಾಕುತ್ತೇವೆ. ಈ ಹನ್ನೊಂದು ತಿಂಗಳ ಕರಾರಿಗೆ ಯಜಮಾನರು ಕೇಳಿದ ಅಡ್ವಾನ್ಸು ಹತ್ತು ತಿಂಗಳದ್ದು. “ಈಗೆಲ್ಲ ಐದು, ಆರು ತಿಂಗಳು ತಗೋತಾರಲ್ಲ ಸಾರ್” ಎಂದೆ. “ತಗೊಳ್ಳೋರ ಹತ್ರಾನೇ ಹೋಗಿ” ಎಂದರು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಕೂಡದೆಂದು ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯ್ದೆ ತಂದಿದೆ. ನಮ್ಮ ಮಾಲೀಕರು ಆ ಮಾದರಿಯನ್ನು ದೂರದಿಂದ ಗೌರವಿಸುತ್ತಾರೆ.

ಜಯನಗರದ ಆಸೆಗೆ ಇನ್ನೊಂದು ಕಾರಣವಿತ್ತು, ಅದು ನಗರ ಜೀವನ. ಅಲ್ಲಿಂದ ಗಾಂಧಿ ಬಜಾರು ಹತ್ತಿರ, ಲಾಲ್‌ಬಾಗು ಹತ್ತಿರ, ಜೆ.ಪಿ. ನಗರದ ರಂಗಶಂಕರವೂ ಹತ್ತಿರ. ಸಂಜೆ ನಾಟಕ ನೋಡಿ ನಡೆದುಕೊಂಡು ಮನೆಗೆ ಬರಬಹುದು ಎಂಬ ಕನಸಿಗೆ ನಾನು ತಿಂಗಳಿಗೆ ಎಂಟು ಸಾವಿರ ಜಾಸ್ತಿ ಕೊಡಲು ತಯಾರಿದ್ದೆ. ರಂಗಶಂಕರದ ಆಸುಪಾಸಿನಲ್ಲೇ ಮನೆ ಮಾಡಿರುವ ಗೆಳೆಯನನ್ನು ವಿಚಾರಿಸಿದೆ. ಅವನು ಆ ಬೀದಿಗೆ ಬಂದಮೇಲೆ ಅಲ್ಲಿ ತಿಂದ ಅಕ್ಕಿರೊಟ್ಟಿಗೆ ಲೆಕ್ಕವಿಲ್ಲ, ನಾಟಕ ಮಾತ್ರ ಒಂದೂ ನೋಡಿಲ್ಲ. “ಪಕ್ಕದಲ್ಲೇ ಇದೆಯಲ್ಲ, ಯಾವಾಗ ಬೇಕಾದ್ರೂ ಹೋಗಬಹುದು” ಎನ್ನುತ್ತಾನೆ. ನಾಟಕ ನೋಡುವವರೆಲ್ಲ ಯಲಹಂಕದಿಂದಲೂ ಹೊಸಕೋಟೆಯಿಂದಲೂ ಬರುವವರು. ಅಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ನಾಟಕ ಹೇಳಿದ ಹೊತ್ತಿಗೆ ಶುರುವಾಗಿಬಿಡುತ್ತದೆ. ಹೇಳಿದ ಹೊತ್ತಿಗೆ ಏನಾದರೂ ಆಗುವುದನ್ನು ಈ ಊರಿನಲ್ಲಿ ನೋಡಬೇಕಾದರೆ ಅಲ್ಲಿಗೇ ಹೋಗಬೇಕು.

ಆಮೇಲೆ ದಿಕ್ಕು ಬದಲಿಸಿ ಪೂರ್ವಕ್ಕೆ ಹೋದೆವು, ನನ್ನ ಆಫೀಸಿನ ಆಚೆಗೆ. ಆ ಕಡೆಯ ಬ್ರೋಕರು ಉತ್ಸಾಹಿ ಹುಡುಗ. ಅವನ ಪ್ರಪಂಚದಲ್ಲಿ ಎಲ್ಲವೂ ಹತ್ತು ನಿಮಿಷದ ದೂರದಲ್ಲಿತ್ತು. “ಮೆಟ್ರೋ ಹತ್ತೇ ನಿಮಿಷ ಸಾರ್. ಸ್ಕೂಲು ಹತ್ತೇ ನಿಮಿಷ. ಆಸ್ಪತ್ರೆ ಹತ್ತೇ ನಿಮಿಷ.” ಯಾವಾಗಿನ ಹತ್ತು ನಿಮಿಷ ಎಂದು ನನ್ನ ಹೆಂಡತಿ ಕೇಳಿದಳು. “ಭಾನುವಾರ ಬೆಳಿಗ್ಗೆ ಆರಕ್ಕೆ ನಾನೇ ಬೈಕಲ್ಲಿ ಹೋಗಿ ನೋಡಿದೀನಿ ಮೇಡಂ” ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಮನೆಯೇನೋ ಭರ್ಜರಿ. ಹನ್ನೆರಡನೆಯ ಮಹಡಿ, ಎರಡು ಬಾಲ್ಕನಿ, ಜಯನಗರದ ಪೋರ್ಷನ್ನಿಗಿಂತ ಕಡಿಮೆ ಬಾಡಿಗೆ. ನಾನು ಬಾಲ್ಕನಿಯ ಗಾಳಿಗೆ ಮೈಮರೆತು ನಿಂತಿದ್ದಾಗ ನನ್ನ ಹೆಂಡತಿ ಕೆಳಗಿಳಿದು ಹೋಗಿ, ವಾಚ್‌ಮನ್ನಿನ ಕೈಲಿ ಸಂಪಿನ ಮುಚ್ಚಳ ತೆಗೆಸಿ, ಮೊಬೈಲಿನ ಟಾರ್ಚು ಹಾಕಿ ಒಳಗೆ ಬಗ್ಗಿ ನೋಡುತ್ತಿದ್ದಳು. ಮುಚ್ಚಳದ ಪಕ್ಕದಲ್ಲಿ ಟ್ಯಾಂಕರಿನ ಪೈಪು ಎಳೆದೆಳೆದು ನೆಲದ ಸಿಮೆಂಟು ಸವೆದು ಒಂದು ಗೀರು ಬಿದ್ದಿತ್ತಂತೆ. 2024ರ ಬೇಸಿಗೆಯಲ್ಲಿ ಊರಿನ ಅಂಚಿನವರು ಟ್ಯಾಂಕರಿಗೆ ಕಾದು ಕೂತದ್ದು ಯಾರಿಗೆ ಮರೆತಿದೆ? ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಎಂದಾಯಿತು. “ಇಲ್ಲಿಗೂ ಕಾವೇರಿ ಬರುತ್ತೆ ಮೇಡಂ” ಎಂದ ಹುಡುಗ. “ಹತ್ತು ನಿಮಿಷದಲ್ಲಾ?” ಎಂದಳು ಇವಳು.

ಮೆಟ್ರೋ ವಿಷಯವೂ ಹೀಗೆಯೇ. ಒಂದು ಬೀದಿಗೆ ಮೆಟ್ರೋ ಬರುತ್ತದೆಂದರೆ ಅಲ್ಲಿ ಬಾಡಿಗೆ ಮೂರು ಸಲ ಏರುತ್ತದೆ: ಪೇಪರಿನಲ್ಲಿ ಸುದ್ದಿ ಬಂದಾಗ, ಕಂಬ ಎದ್ದಾಗ, ರೈಲು ಓಡಿದಾಗ. ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ಅಷ್ಟೂ ವರ್ಷ ಆ ದಾರಿಯ ಬಾಡಿಗೆದಾರರು ಕಂಬಗಳ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತುಕೊಂಡು, ತಲೆಯ ಮೇಲೆ ಇನ್ನೂ ಓಡದ ರೈಲಿನ ಬಾಡಿಗೆ ಕೊಟ್ಟಿದ್ದಾರೆ.

ಈ ನಡುವೆ ಮದ್ದೂರಿನಿಂದ ನಮ್ಮಪ್ಪ ಬಂದರು. 2023ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಅಣ್ಣನ ಕಾರಿನಲ್ಲಿ ಕೆಂಗೇರಿ ಮುಟ್ಟಲು ಒಂದು ಗಂಟೆ, ಅಲ್ಲಿಂದ ಊರೊಳಗೆ ನಮ್ಮನೆ ತಲುಪಲು ಮತ್ತೆ ಅಷ್ಟೇ ಹೊತ್ತು. ನಮ್ಮ ಹುಡುಕಾಟದ ಕಥೆಯನ್ನೆಲ್ಲ ಕೇಳಿಕೊಂಡು ಕೊನೆಗೆ ಕೇಳಿದರು: “ಅಲ್ಲ ಕಣೋ, ಅಷ್ಟು ದುಡ್ಡು ಕೊಟ್ಟು ದಿನಾ ಮೂರು ಗಂಟೆ ಓಡಾಡೋದಾದ್ರೆ ಮದ್ದೂರಿಂದಾನೇ ಓಡಾಡಬಹುದಲ್ಲ? ಮನೆ ನಮ್ದೇ. ಬಾವಿಲಿ ನೀರೂ ಇದೆ.” ಇದರಲ್ಲಿ ಎಲ್ಲೋ ಲೆಕ್ಕ ತಪ್ಪಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಎಲ್ಲಿ ಎಂದು ಹೇಳಲು ಹೋದರೆ ಅಲಾನ್ಸೊ ಅವರನ್ನು ಕರೆಸಬೇಕಾಗುತ್ತಿತ್ತು.

ಇನ್ನೊಂದು ಕಡೆಯಿಂದ ನನ್ನ ಹೆಂಡತಿಯ ಸೋದರಮಾವನ ಒತ್ತಡ. ಅವರು ಹುಟ್ಟಿ ಬೆಳೆದು ಮುದುಕರಾದದ್ದೆಲ್ಲ ಚಾಮರಾಜಪೇಟೆಯಲ್ಲಿ. 1892ರಲ್ಲಿ ಆದ ಬಡಾವಣೆ ಅದು, ಅದರ ನಂತರ ಆದದ್ದೆಲ್ಲ ಅವರಿಗೆ ‘ಎಕ್ಸ್‌ಟೆನ್ಷನ್ನು’. ಲಾಲ್‌ಬಾಗಿನ ಬಂಡೆ, ಹಲಸೂರು ಕೆರೆ, ಮೇಖ್ರಿ ವೃತ್ತ, ಕೆಂಪಾಂಬುಧಿ ಕೆರೆ, ಈ ನಾಲ್ಕು ಕಡೆ ನಿಂತಿರುವ ಕೆಂಪೇಗೌಡರ ಗಡಿಗೋಪುರಗಳನ್ನು ಬೇರೆಯವರು ಸ್ಮಾರಕವೆಂದು ನೋಡುತ್ತಾರೆ. ಮಾವನವರ ಮಟ್ಟಿಗೆ ಅವು ಇವತ್ತಿಗೂ ಜಾರಿಯಲ್ಲಿರುವ ಕಾನೂನು. “ಗೋಪುರದ ಒಳಗೆ ನೋಡಿ ಅಳಿಯಂದಿರೆ. ವೈಟ್‌ಫೀಲ್ಡು ಅಂದ್ರೆ ನಮ್ಮ ಕಾಲದಲ್ಲಿ ಬುತ್ತಿ ಕಟ್ಕೊಂಡು ಹೋಗೋ ಜಾಗ” ಎಂದು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದರು. ಗೋಪುರದ ಒಳಗೆ ಎರಡು ರೂಮಿನ ಮನೆಗೆ ಏನು ಬಾಡಿಗೆ ಎಂದು ಅವರಿಗೆ ತಿಳಿಯದು. ಅವರದು ಅಪ್ಪ ಕಟ್ಟಿಸಿದ ಮನೆ.

ಕೊನೆಗೆ ಮನೆ ಸಿಕ್ಕಿದ್ದು ವಿಜಯನಗರದ ಕಡೆ, ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹತ್ತಿರ. ನನ್ನ ಆಫೀಸಿನಿಂದ ನೋಡಿದರೆ ಊರಿನ ಇನ್ನೊಂದು ತುದಿ. ನಕ್ಷೆಯಲ್ಲಿ ನೋಡಿದವರು ತಲೆ ಕೆಟ್ಟಿದೆಯೇ ಎಂದು ಕೇಳುತ್ತಾರೆ. ಆದರೆ ನಾನು ಒಂದೇ ರೈಲಿನಲ್ಲಿ ಕೂತರೆ ಸುಮಾರು ಒಂದು ಗಂಟೆಗೆ ವೈಟ್‌ಫೀಲ್ಡು, ಅವಳು ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಜಯನಗರ. ಕೂತರೆ ಎಂದೆನಲ್ಲ, ಮೆಜೆಸ್ಟಿಕ್ಕಿಗೆ ಮೊದಲೇ ಹತ್ತುವವರಿಗೆ ಕೂರುವ ಯೋಗ ಸ್ವಲ್ಪ ಹೆಚ್ಚು. ಗರಿಷ್ಠ ಟಿಕೆಟ್ಟು 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿದ್ದನ್ನು ನಾನು ಆ ಸೀಟಿನ ಬಾಡಿಗೆ ಎಂದೇ ತಿಳಿದಿದ್ದೇನೆ. ಹೆಂಡತಿ ಒಪ್ಪಿದ್ದಕ್ಕೆ ಕಾರಣ ಮೆಟ್ರೋ ಅಲ್ಲ. ಕೆಳಗಿನ ಮನೆಯಲ್ಲಿರುವ ಮಾಲೀಕರು, ಒಬ್ಬ ಅಜ್ಜಿ, ನಮ್ಮ ಕುಲಗೋತ್ರ ಯಾವುದನ್ನೂ ಕೇಳದೆ ತಾವೇ ಸಂಪಿನ ಮುಚ್ಚಳ ತೆಗೆದು ತೋರಿಸಿದರು. ತುಂಬ ನೀರಿತ್ತು. “ದಿನ ಬಿಟ್ಟು ದಿನ ಬಿಡ್ತಾರಮ್ಮ. ಮೋಟಾರ್ ಹಾಕೋದು ನೆನಪಿಟ್ಕೊಂಡ್ರೆ ಸಾಕು” ಎಂದರು. ಇಬ್ಬರೂ ಆ ತೊಟ್ಟಿಯೊಳಗೆ ಬಗ್ಗಿ ಒಂದೈದು ನಿಮಿಷ ಮಾತಾಡಿದರು, ಮನೆಯೊಳಗಿನ ರೂಮುಗಳನ್ನು ನಾನೊಬ್ಬನೇ ಹೋಗಿ ನೋಡಿ ಬಂದೆ.

ಹಾಲು ಉಕ್ಕಿಸಿದ ದಿನ ಮಾವನವರೂ ಬಂದಿದ್ದರು. ಚಾಮರಾಜಪೇಟೆಯಿಂದ ಆಟೋದಲ್ಲಿ. ಇಳಿದವರೇ ಪಶ್ಚಿಮದ ಗೋಪುರ ದಾಟಿ ಎಷ್ಟು ದೂರ ಬಂದೆವೆಂದು ಡ್ರೈವರನ ಹತ್ತಿರ ಚರ್ಚೆ ಮಾಡಿದರು. ಒಳಗೆ ಬಂದು ಕಿಟಕಿ, ಬಾಗಿಲು, ಅಡುಗೆಮನೆಯ ಕಟ್ಟೆ ಎಲ್ಲ ನೋಡಿ, ಕೇಸರಿಬಾತು ಎರಡು ಸಲ ಹಾಕಿಸಿಕೊಂಡು, ಕಾಫಿ ಕುಡಿದು ತೃಪ್ತಿಯಿಂದ ಎದ್ದರು. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತ ನನ್ನ ಭುಜದ ಮೇಲೆ ಕೈಯಿಟ್ಟರು.

“ಮನೆ ಲಕ್ಷಣವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ಯಾವಾಗಲಾದರೂ ಬೆಂಗಳೂರಿಗೆ ಬಂದಾಗ ಇಬ್ಬರೂ ನಮ್ಮನೆಗೆ ಬನ್ನಿ.”