ಕೈಗಂಟಿದ ಸ್ಕೂಟರ್
ಅಪ್ಪನ ಕಾಲದ ಸ್ಕೂಟರಿಗೆ ನಾನೇ ಎನಾಮಲ್ ಸ್ಪ್ರೇ ಹೊಡೆದೆ. ‘ಹಾರ್ಡ್‌ನರ್ ಹಾಕಿದ್ರಾ ಸಾರ್?’ ಎಂದ ಪೇಂಟರನ ಮಾತನ್ನು ದಂಡದ ಖರ್ಚೆಂದು ತಳ್ಳಿಹಾಕಿದ್ದೆ. ಬರೀ ಎನಾಮಲ್ಲೋ, ಗಾಳಿಯ ಆಮ್ಲಜನಕ ಕುಡಿಯುತ್ತಾ ಆರಾಮಾಗಿ ಗಟ್ಟಿಯಾಗುವ ಜಾತಿ. ಅಷ್ಟರೊಳಗೆ ಎರಡು ಸೊಳ್ಳೆ, ಒಂದು ಬೇವಿನೆಲೆ, ಮಾರನೇ ದಿನ ಒರಗಿದ ನನ್ನ ಅಂಗಿಯ ನೂಲು ಎಲ್ಲವೂ ಅದರ ಖಾಯಂ ಸವಾರರಾದವು.

ಎರಡನೇ ಸಲ ಹಾರ್ಡ್‌ನರ್ ತಂದೆ. ಡಬ್ಬಿ ಹೇಳಿದಂತೆ 8 ಪಾಲು ಬಣ್ಣಕ್ಕೆ 1 ಪಾಲು. ಕಲಸಿಟ್ಟು, ಕಾಫಿ ಕುಡಿದು, ಪಕ್ಕದ ಮನೆಯವರೊಂದಿಗೆ ರಾಜಕೀಯ ಮುಗಿಸಿ ಬರುವಷ್ಟರಲ್ಲಿ ಸಂಜೆಯಾಗಿ, ಬಣ್ಣ ಗನ್ನಿನೊಳಗೇ ಗಟ್ಟಿ! ಹಾರ್ಡ್‌ನರ್ ಬೆರೆತ ಬಣ್ಣ ಮದುವೆಯ ಮುಹೂರ್ತದಂತೆ, ಯಾರಿಗೂ ಕಾಯುವುದಿಲ್ಲ.

ಇನ್ನೊಂದು ಮಾತು: ಈ ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವೈರಿ, ಕರವಸ್ತ್ರ ಕಟ್ಟಿದರೆ ಸಾಲದು. ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದಿದ್ದರೆ ಗನ್ ಕೆಳಗಿಟ್ಟು, ಅದೆಲ್ಲ ಇರುವ ಪೇಂಟರನ್ನೇ ಕರೆಯಿರಿ.