ಕಿವಿಗೊಂದು ಹಾಡು, ಹಾಲ್‌ಗೊಂದು ಹಾಡು

ಊರಿನ ಮದುವೆಮನೆಯಲ್ಲಿ ಅಡುಗೆ ಭಟ್ಟರನ್ನು ಬಿಟ್ಟರೆ ಹೆಚ್ಚು ಬೈಸಿಕೊಳ್ಳುವವನು ಮೈಕ್‌ಸೆಟ್ಟಿನವನು. ಬೇ ಏರಿಯಾದ ನಮ್ಮ ಬಳಗದಲ್ಲಿ ಆ ಸ್ಥಾನ ಖಾಲಿ ಇತ್ತು; ಹಗಲು ಕೋಡ್ ಬರೆಯುವ ನಾನು ಸಂಜೆ ಅದನ್ನು ತುಂಬಿದ್ದೇನೆ. ಯಾರೂ ಕರೆದು ಕೊಟ್ಟದ್ದಲ್ಲ. ಫ್ರೀಮಾಂಟಿನಲ್ಲಿ ನಾಮಕರಣವಿರಲಿ, ಸನಿವೇಲಿನಲ್ಲಿ ಗೃಹಪ್ರವೇಶವಿರಲಿ, ಡಿಕ್ಕಿಯಲ್ಲಿ ಮಿಕ್ಸರ್ ಇಟ್ಟುಕೊಂಡೇ ಹೋಗಿ, ‘ಹಾಡುಗೀಡು ಇಲ್ವಾ?’ ಎಂದು ಯಾರಾದರೂ ಬಾಯಿತಪ್ಪಿ ಕೇಳಲಿ ಎಂದು ಕಾಯುತ್ತೇನೆ. ಐವತ್ತು ದಾಟಿದ ಮೇಲೆ ಬರುವ ಕಾಯಿಲೆಗಳಲ್ಲಿ ಇದೂ ಒಂದು ಅನ್ನುತ್ತಾಳೆ ಹೆಂಡತಿ.

ಮಿಕ್ಸರ್ ಸಿಕ್ಕಿದ್ದು ಡೇಲಿ ಸಿಟಿಯ ಒಂದು ಗ್ಯಾರೇಜಿನಲ್ಲಿ, ಸೆಕೆಂಡ್ ಹ್ಯಾಂಡ್. ಸರಿಯಾದ ಜಾಗವೇ. 1980ರ ದಶಕದಲ್ಲಿ ಆ ಕಡೆಯ ಫಿಲಿಪಿನೋ ಹುಡುಗರು ಇಂಥ ಗ್ಯಾರೇಜುಗಳಲ್ಲೇ ತಂಡ ಕಟ್ಟಿಕೊಂಡು, ನೆಂಟರ ಮದುವೆ, ಹುಡುಗಿಯರ 18ನೇ ಹುಟ್ಟುಹಬ್ಬ, ಚರ್ಚಿನ ಹಾಲ್ ಅಂತ ಸ್ಪೀಕರ್ ಹೊತ್ತು ತಿರುಗಿದವರು. ಆ ಸೀಮೆಯಿಂದ ಬಂದ ಡಿಜೆ ಕ್ಯೂಬರ್ಟ್ 1992ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಡಿಎಂಸಿ ಎಂಬ ಡಿಜೆಗಳ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದ. ಮಾರಿದಾತ ನನ್ನ ನರೆತ ತಲೆ ನೋಡಿ, “ನಿಮ್ಮ ಮಗನಿಗೆ ಇದೊಂದು ಹೇಳಿಬಿಡಿ, ಕೆಂಪು ದೀಪ ಹತ್ತಬಾರದು” ಅಂದ. ನಾನು ತಿದ್ದಲು ಹೋಗಲಿಲ್ಲ.

ಲೆವೆಲ್ ಕೂರಿಸುವುದು ದೊಡ್ಡ ವಿದ್ಯೆಯೇನಲ್ಲ. ಹಾಲ್‌ಗೆ ಸದ್ದು ಬಿಡುವ ಫೇಡರ್ ಕೆಳಗಿರಲಿ, ಹೆಡ್‌ಫೋನಿಗಷ್ಟೇ ಹಾಡು ಕಳಿಸುವ ಕ್ಯೂ ಗುಂಡಿ ಒತ್ತಿ, ಹಾಡಿನ ಅತಿ ಜೋರಾದ ಭಾಗಕ್ಕೆ ಹೋಗಿ, ಹಸಿರು ದೀಪಗಳು ತುಂಬಿ ಹಳದಿ ಆಗಾಗ ಮಿಣುಕುವವರೆಗೆ ಒಳಬರುವ ಸದ್ದಿನ ಗೇನ್ ತಿರುಗಿಸಿದರಾಯಿತು. ಕೆಂಪಿಗೆ ಹೋದರೆ ಪಿ.ಬಿ. ಶ್ರೀನಿವಾಸರಿಗೂ ನೆಗಡಿಯಾಗುತ್ತದೆ. ಕಷ್ಟವೆಲ್ಲ ನಮ್ಮ ಹಾಡುಗಳದ್ದು. ಈಗಿನ ಹಾಡುಗಳಲ್ಲಿ ಮೆತ್ತಗಿನದನ್ನೂ ಜೋರಿನದನ್ನೂ ಒಂದೇ ಎತ್ತರಕ್ಕೆ ಒತ್ತಿಟ್ಟಿರುತ್ತಾರೆ, ಮೀಟರ್ ಮೇಲೇರಿ ಅಲ್ಲೇ ಕೂರುತ್ತದೆ. ಅದರ ಬೆನ್ನಿಗೇ 1972ರ ‘ಬಂಗಾರದ ಮನುಷ್ಯ’ದ ಹಾಡು ಬಿಟ್ಟರೆ ಪಕ್ಕದ ಬೀದಿಯಿಂದ ಕೇಳಿಬಂದಂತಾಗುತ್ತದೆ.

ಆದರೆ ನಾನು ಇದಕ್ಕೆ ಬಿದ್ದದ್ದು ಲೆವೆಲ್ಲಿಗಾಗಿ ಅಲ್ಲ, ಹೆಡ್‌ಫೋನಿಗಾಗಿ. ಬಾರ್ಬಡೋಸಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ 1970ರ ದಶಕದಲ್ಲಿ, ಮುಂದಿನ ಗಾನತಟ್ಟೆಯನ್ನು ತಾನೊಬ್ಬನೇ ಕದ್ದು ಕೇಳಲು ಸ್ವಿಚ್ಚೊಂದನ್ನು ಕೈಯಾರೆ ಕೂರಿಸಿಕೊಂಡು ‘ಪೀಕಬೂ’ ಎಂದು ಹೆಸರಿಟ್ಟಿದ್ದ. ಇಡೀ ಹಾಲ್ ಒಂದು ಹಾಡು ಕೇಳುತ್ತಿರುವಾಗ ನಾನೊಬ್ಬ ಇನ್ನೊಂದು ಕೇಳಬಹುದು! ಇಂಥ ಅಧಿಕಾರ ನನಗೆ ಆಫೀಸಿನಲ್ಲಿ ಸಿಕ್ಕಿಲ್ಲ, ಮನೆಯಲ್ಲಂತೂ ಆ ಮಾತೇ ಬೇಡ.

ಮೊನ್ನೆ ಮಿಲ್ಪಿಟಾಸ್‌ನಲ್ಲೊಂದು ಷಷ್ಟ್ಯಬ್ದಿ. ಹುಡುಗರಿಗೆಂದು ಹೊಸ ಕುಣಿತದ ಹಾಡು ಬಿಟ್ಟು, ಊಟದ ಹೊತ್ತಿಗಿರಲಿ ಎಂದು ಪಿ. ಕಾಳಿಂಗರಾಯರ ಭಾವಗೀತೆಯೊಂದರ ಗೇನ್ ನೋಡುತ್ತಿದ್ದೆ. ಗೇನ್ ಸರಿಯಾಯಿತು, ಹಾಡು ಬಿಡಲಾಗಲಿಲ್ಲ. ಒಂದು ಕಿವಿಯಲ್ಲಿದ್ದದ್ದು ಎರಡಕ್ಕೂ ಬಂತು, ಕಣ್ಣು ಮುಚ್ಚಿತು, ತಲೆ ತೂಗಿತು, ಬಲಗೈ ತಾನಾಗಿ ಎದ್ದು ಗಾಳಿಯಲ್ಲಿ ಸಂಗತಿ ಬಿಡಿಸತೊಡಗಿತು. ಕಣ್ಣು ತೆರೆದರೆ ಎದುರಿಗೆ ಹುಡುಗರ ಸಾಲು: ಅದೇ ಕೈ, ಅದೇ ಬಳುಕು, ಅದೇ ನಿಧಾನ. ಡಿಜೆ ಅಂಕಲ್ ಹೊಸ ಸ್ಟೆಪ್ ಹೇಳಿಕೊಡುತ್ತಿದ್ದಾರೆ ಎಂದುಕೊಂಡಿದ್ದರು. ನಿಲ್ಲಿಸಬಹುದಿತ್ತು. ನಾನು ಎಡಗೈಯನ್ನೂ ಎತ್ತಿದೆ. ಅವರೂ ಎತ್ತಿದರು. ಚರಣ ಮೇಲಕ್ಕೆ ಹೋದಾಗ ಹುಬ್ಬೇರಿಸಿದೆ, ಸಾಲಿಡೀ ಹುಬ್ಬೇರಿತು. ಸ್ವರವೊಂದು ನಿಂತಲ್ಲಿ ಬೆರಳು ನಡುಗಿಸಿದೆ, ಬೆರಳುಗಳು ನಡುಗಿದವು. ಕ್ಯುಪರ್ಟಿನೋದಲ್ಲಿ ಹುಟ್ಟಿ, ‘ಊಟ ಆಯ್ತಾ’ ಅನ್ನುವುದಕ್ಕೂ ತಡವರಿಸುವ ಆ ಮಕ್ಕಳು, ತಮ್ಮ ಕಿವಿಗೆ ಬೀಳದೇ ಇದ್ದ ಕಾಳಿಂಗರಾಯರಿಗೆ ಲಯ ತಪ್ಪದೆ ಕುಣಿಯುತ್ತಿದ್ದರು. ಸ್ಪೀಕರಿನಲ್ಲಿ ನಿಮಿಷಕ್ಕೆ 130 ಏಟಿನ ಡ್ರಮ್. ಯಾರೋ ವಿಡಿಯೋ ಮಾಡಿಕೊಂಡರು.

ಕಳ್ಳತನ ಹಿಡಿದದ್ದು ತಿಪಟೂರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ. ಟೇಬಲ್ ಹತ್ತಿರ ಬಂದು, “ನಿನ್ನ ಕಿವೀಲಿ ಓಡ್ತಿರೋದೇ ಬೇರೆ ಕಣಪ್ಪ, ಕೊಡಿಲ್ಲಿ” ಅಂದರು. ಕೊಟ್ಟೆ. ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ಪೂರ್ತಿ ಕೇಳಿದರು. “ನಮ್ಮನೇಲಿ ಎಲ್ಲರ ಕಿವೀಲೂ ಬೆಳಿಗ್ಗೆಯಿಂದ ರಾತ್ರಿವರ್ಗೂ ಏನಾದ್ರೂ ಇರತ್ತೆ. ಏನದು ಅಂದ್ರೆ ಮೀಟಿಂಗ್ ಅಂತಾರೆ. ನಂಗೂ ಕೇಳಿಸ್ದೋನು ನೀನೊಬ್ಬ.”

ನನ್ನ ಅಮ್ಮ ಬಂದಿದ್ದ ಆರು ತಿಂಗಳೂ ನಮ್ಮ ಮನೆಯಲ್ಲಿ ಹೀಗೇ ಇತ್ತು. ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಅಜ್ಜಿ ಹೆಡ್‌ಫೋನ್ ವಾಪಸ್ ಕೊಡಲಿಲ್ಲ. “ಇನ್ನೊಂದು ಹಾಕು” ಅಂದರು. ಫೋನನ್ನು ಮೂರನೇ ಚಾನೆಲ್ಲಿಗೆ ಸಿಕ್ಕಿಸಿ ಅವರಿಗೇ ಬಿಟ್ಟುಕೊಟ್ಟೆ: ಫೇಡರ್ ಕೆಳಗೆ, ಕ್ಯೂ ಮಾತ್ರ ಹೊತ್ತಿದ್ದು. ಹಾಲ್‌ನ ಹಾಡುಗಳನ್ನೆಲ್ಲ ಬರೀ ದೀಪ ನೋಡಿಕೊಂಡು ಹೊಂದಿಸಿದೆ. ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ. ಅದು ಸ್ವಲ್ಪ ಬೇಜಾರೇ.

ನಾಲ್ಕನೇ ಚಾನೆಲ್ ದೂರು ತರುವವರಿಗೆ ಮೀಸಲು. “ಕಿವಿ ತೂತು ಬೀಳತ್ತೆ, ಕಮ್ಮಿ ಮಾಡ್ರೀ” ಅಂತ ಒಬ್ಬರು, “ಏನ್ ಸಾರ್, ಭಜನೆ ಥರ ಇದೆ, ಜೋರು ಮಾಡಿ” ಅಂತ ಇನ್ನೊಬ್ಬರು, ಒಟ್ಟಿಗೇ ಬರುತ್ತಾರೆ. ನಾನು ಗಂಭೀರವಾಗಿ ನಾಲ್ಕನೇ ಗುಂಡಿಯನ್ನು ಎಳ್ಳಷ್ಟು ತಿರುಗಿಸಿ ಅವರ ಮುಖ ನೋಡುತ್ತೇನೆ. “ಹಾಂ, ಈಗ ಸರಿಹೋಯ್ತು” ಎಂದು ಇಬ್ಬರೂ ಹೊರಡುತ್ತಾರೆ. ಆ ಚಾನೆಲ್ಲಿಗೆ ಒಂದು ತಂತಿಯೂ ಇಲ್ಲ. ನಿಮಗೂ ಸೌಂಡಿನ ಬಗ್ಗೆ ಹೇಳುವುದಿದ್ದರೆ ಸಂಕೋಚ ಬೇಡ, ಬನ್ನಿ, ತಿರುಗಿಸಿ ಕೊಡುತ್ತೇನೆ. ಹತ್ತು ಗಂಟೆಯೊಳಗೆ ಬಂದರೆ ಒಳ್ಳೆಯದು. ಆಮೇಲೆ ಹಾಲ್‌ನವರು ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ.